ಇಲಿಯ ರಕ್ತಕ್ಕೆ ಲೆಕ್ಕ ಕೊಡಿ

ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನನ್ನು ಜಪಾನಿನ ಕೊಜಿಮಾ, ಕಂಗಾವಾ ಮತ್ತು ಸಂಗಡಿಗರು 1999ರಲ್ಲಿ ಪತ್ತೆ ಮಾಡಿದ್ದು ಇಲಿಯ ಜಠರದಲ್ಲಿ. ಬೊಜ್ಜಿನ ಸಂಶೋಧನೆಯಲ್ಲಿ ಅಂದಿನಿಂದ ಅದನ್ನು ಇಲಿಗಳ ರಕ್ತದಲ್ಲಿ ಅಳೆಯುತ್ತಲೇ ಇದ್ದಾರೆ.

ಅಳತೆ ಮಾತ್ರ ಬಲು ಸೂಕ್ಷ್ಮ. 28 ಅಮೈನೋ ಆಮ್ಲಗಳ ಈ ಸರಪಳಿಗೆ ಪುಟ್ಟದೊಂದು ಕೊಬ್ಬಿನಾಮ್ಲ ಅಂಟಿಕೊಂಡಿದ್ದರಷ್ಟೇ ಅದು ಹಸಿವನ್ನು ಎಬ್ಬಿಸಬಲ್ಲದು. ರಕ್ತ ತೆಗೆದ ಮೇಲೂ ಕಿಣ್ವಗಳು ಆ ಕೊಬ್ಬನ್ನು ಕಿತ್ತುಹಾಕುತ್ತಿರುತ್ತವೆ. ಹಾಗಾಗಿ ಕೊಳವೆಗೆ ಮೊದಲೇ ಕಿಣ್ವನಿರೋಧಕ ಹಾಕಿ, ಮಂಜುಗಡ್ಡೆಯಲ್ಲಿಟ್ಟು, ಪ್ಲಾಸ್ಮಾ ಬೇರ್ಪಟ್ಟ ಕೂಡಲೇ ಆಮ್ಲ ಬೆರೆಸಬೇಕು. ತಡವಾದರೆ, ಪ್ರತಿಕಾಯಗಳ ನೆರವಿನಿಂದ ಹಾರ್ಮೋನನ್ನು ಗುರುತಿಸುವ ಎಲೈಸಾ ತಟ್ಟೆ ಅಳೆಯುವುದು ಪ್ರಯೋಗಾಲಯದ ವಿಳಂಬವನ್ನು!

ಇಂಥ ಅಳತೆಯ ಕಿಟ್‌ಗಳಲ್ಲೂ ಭೇದವಿದೆ. ಕೆಲವು ಕೊಬ್ಬು ಅಂಟಿದ ರೂಪವನ್ನು ಮಾತ್ರ ಹಿಡಿಯುತ್ತವೆ, ಕೆಲವು ಎರಡೂ ರೂಪಗಳನ್ನು ಒಟ್ಟಿಗೆ ಎಣಿಸುತ್ತವೆ. ಇವೆರಡರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಮಾನ ಹೇಳುವುದು ಅನ್ಯಾಯ.

ಪ್ರತಿಕಾಯಗಳಿಂದ ಹಾರ್ಮೋನ್ ಅಳೆಯುವ ವಿದ್ಯೆಗೆ ರೊಸಾಲಿನ್ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಸಂದಿತು. ಅಂಥ ವಿದ್ಯೆಯನ್ನು ಅಸಡ್ಡೆಯಿಂದ ಬಳಸಬಾರದು. 25 ಗ್ರಾಂ ತೂಕದ ಪುಟ್ಟ ಇಲಿಯಲ್ಲಿ ಇರುವ ರಕ್ತವೇ ಸುಮಾರು 2 ಮಿಲಿಲೀಟರ್. ಕೆಟ್ಟ ಮಾದರಿಗಾಗಿ ಆ ಇಲಿ ಸತ್ತರೆ ಆ ಸಾವು ವ್ಯರ್ಥ. ಯಾವ ಪ್ರತಿಕಾಯ, ಯಾವ ನಿರೋಧಕ, ಎಷ್ಟು ನಿಮಿಷ ಎಂಬುದನ್ನು ಬರೆಯದ ಪ್ರಬಂಧಗಳನ್ನು ವಿಜ್ಞಾನ ಪತ್ರಿಕೆಗಳು ಹಿಂದಿರುಗಿಸಲಿ. ಪ್ರಾಣಿಪ್ರಯೋಗಕ್ಕೆ ಒಪ್ಪಿಗೆ ನೀಡುವ ಸಮಿತಿಗಳೂ ಈ ಪ್ರಶ್ನೆಗಳನ್ನು ಮೊದಲೇ ಕೇಳಲಿ.