ಲೆಕ್ಕದ ಪುಟ: ಕಾರಿಗೆ ರಾತ್ರಿ ಊಟ ಎಲ್ಲಿ?

ರುವಿಯಲ್ಲಿ ಎಲೆಕ್ಟ್ರಿಶಿಯನ್ ಆಗಿರೋ ಓದುಗರೊಬ್ಬರು ಕೇಳಿದ್ದಾರೆ. ಉಡುಪಿಯಲ್ಲಿರೋ ಅವರ ತಮ್ಮ ಎಲೆಕ್ಟ್ರಿಕ್ ಕಾರು ತೆಗೆದು ಬಾಡಿಗೆಗೆ ಓಡಿಸ್ತಾನಂತೆ, ಡೌನ್ ಪೇಮೆಂಟಿಗೆ ಇವರ ಉಳಿತಾಯ ಬೇಕಂತೆ. "ಪೆಟ್ರೋಲ್ ಖರ್ಚೇ ಇಲ್ಲ ಅಣ್ಣ ಅಂತಾನೆ. ಕೊಡ್ಲಾ ಸಾರ್?"

ಮೊದಲು, ಒಮಾನಿನ ಲೆಕ್ಕದಿಂದ ಊರನ್ನು ಅಳೆಯಬೇಡಿ. ಇಲ್ಲಿ 2021ರ ಕೊನೆಯಿಂದ ಎಂ95 ಪೆಟ್ರೋಲನ್ನು ಸರ್ಕಾರ ಲೀಟರಿಗೆ 239 ಬೈಸಾ ದಾಟದಂತೆ ಹಿಡಿದಿಟ್ಟಿದೆ. ಲೀಟರಿಗೆ 14 ಕಿ.ಮೀ. ಅಂದರೂ ಕಿಲೋಮೀಟರಿಗೆ 17 ಬೈಸಾ. ಬಾಡಿಗೆ ಫ್ಲ್ಯಾಟಿನಲ್ಲಿ ಇರೋ ನಮ್ಮಂಥವರಿಗೆ ಇಲ್ಲಿ ಎಲೆಕ್ಟ್ರಿಕ್ ಕಾರಿಂದ ದೊಡ್ಡ ಉಳಿತಾಯ ಕಾಣಲ್ಲ.

ಊರಲ್ಲಿ ಹಾಗಲ್ಲ. ಪೆಟ್ರೋಲ್ 102 ರೂಪಾಯಿ, ಕಾರು ಲೀಟರಿಗೆ 18 ಕಿ.ಮೀ. ಅಂತ ಹಿಡಿದರೆ ಕಿಲೋಮೀಟರಿಗೆ ಸುಮಾರು 5.67 ರೂಪಾಯಿ. ಎಲೆಕ್ಟ್ರಿಕ್ ಕಾರು 200 ಕಿ.ಮೀ. ಓಡೋಕೆ, ಸೋರಿಕೆ ಸೇರಿ, 33 ಯೂನಿಟ್ ಹಿಡಿಯೋಣ. ಮನೆಯಲ್ಲಿ ಯೂನಿಟ್ 7 ರೂಪಾಯಿ ಬಿದ್ದರೆ ಕಿಲೋಮೀಟರಿಗೆ 1.15. ತಮ್ಮ ಹೇಳಿದ್ದು ಈ ಲೆಕ್ಕ. ಆದರೆ ಹೊರಗಿನ ಚಾರ್ಜರಿನಲ್ಲಿ ದರ 20 ಅಂತಿದ್ದರೆ ಅದರ ಮೇಲೆ 18% ಜಿಎಸ್‌ಟಿ ಉಂಟು, 23.60 ಆಯ್ತು. ಆಗ ಕಿಲೋಮೀಟರಿಗೆ 3.90. ತಿಂಗಳಿಗೆ 2,500 ಕಿ.ಮೀ. ಓಡಿದರೆ ಮನೆ ಚಾರ್ಜಿನಲ್ಲಿ ಉಳಿಯೋದು ಸುಮಾರು 11,300, ಹೊರಗಿನದರಲ್ಲಿ 4,400. ನಡುವಿನ ಆ ಏಳು ಸಾವಿರ ಬಿಟ್ಟುಹೋದರೆ ಸಾಲದ ಕಂತಿಗೆ ಮತ್ತೆ ನಿಮಗೇ ಫೋನ್ ಬರುತ್ತೆ.

ಹೊರಗಿನ ಚಾರ್ಜರ್ ಸಿಗೋದೂ ಸುಲಭ ಅಂತ ತಿಳಿಯಬೇಡಿ. 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು, ನಿಜ. ಆದರೆ ಚಾರ್ಜಿಂಗ್ ಸ್ಟೇಷನ್ನುಗಳಲ್ಲಿ ಹೆಚ್ಚಿನವು ಬೆಂಗಳೂರಲ್ಲೇ ಇವೆ. ಪೇಟೆಯಲ್ಲಿ 3 ಕಿ.ಮೀ. ಚೌಕಕ್ಕೊಂದು, ಹೆದ್ದಾರಿಯಲ್ಲಿ 25 ಕಿ.ಮೀ.ಗೊಂದು ಇರಬೇಕು ಅಂತ ಕೇಂದ್ರ 2019ರಲ್ಲಿ ಮಾರ್ಗಸೂಚಿ ಮಾಡಿತ್ತು. ಕಾಗದದಲ್ಲಿ ಚೆಂದ. ಮ್ಯಾಪಿನಲ್ಲಿ ಕಾಣೋ ಎಲ್ಲಾ ಚುಕ್ಕೆಯೂ ಕಾರಿನದ್ದಲ್ಲ, ಕೆಲವು ಸ್ಕೂಟರಿನದ್ದು. ಈಗಿನ ಕಾರಿಗೆ ಬೇಗ ಚಾರ್ಜ್ ಆಗೋಕೆ ಸಿಸಿಎಸ್2 ಗನ್ ಬೇಕು, ಹಳೇ ಭಾರತ್ ಡಿಸಿ-001 ಯಂತ್ರದ ಗನ್ ಅದಕ್ಕೆ ಕೂರೋದೇ ಇಲ್ಲ. 30 ಕಿಲೋವ್ಯಾಟಿನ ಯಂತ್ರದಲ್ಲೂ ಒಂದು ಗಂಟೆ ಬೇಕು, 80% ದಾಟಿದ ಮೇಲೆ ನಿಧಾನ. ಮುಂದೆ ಇನ್ನೊಂದು ಕಾರು ನಿಂತಿದ್ದರೆ ಒಂದು ಬಾಡಿಗೆ ತಪ್ಪಿತು ಅಂತಲೇ ಲೆಕ್ಕ.

ಹಾಗಾಗಿ ತಮ್ಮನ ಹತ್ರ ಕಾರಿನ ಮಾಡೆಲ್ ಆಮೇಲೆ ಕೇಳಿ. ರಾತ್ರಿ ಕಾರು ನಿಲ್ಲೋದು ಎಲ್ಲಿ, ಅಲ್ಲಿ ನಮ್ಮ ಮೀಟರ್ ಉಂಟಾ? ಸ್ವಂತ ಅಂಗಳ ಇದ್ದರೆ 15 ಆಂಪಿಯರ್ ಪಾಯಿಂಟಿನಲ್ಲಿ 11 ಗಂಟೆಯಲ್ಲಿ ತುಂಬುತ್ತೆ, ಬೆಳಗ್ಗೆ ಮೊದಲ ರೈಲಿನ ಬಾಡಿಗೆಗೆ ಗಾಡಿ ರೆಡಿ. ಬಾಡಿಗೆ ಮನೆ, ಕಾರು ರಸ್ತೆ ಬದಿ ಅಂತಾದರೆ ನಾನಂತೂ ಈ ವರ್ಷ ದುಡ್ಡು ಕೊಡಲ್ಲ.

ಅಂಗಳ ಇದ್ದರೂ ಕಾರಿಗಿಂತ ಮೊದಲು ಮೆಸ್ಕಾಂನಲ್ಲಿ 3 ಕಿಲೋವ್ಯಾಟ್ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿಸಿ, ಬೇರೆ ವೈರ್ ಎಳೆಸಿ. ಅರ್ಥಿಂಗ್ ಬಗ್ಗೆ ನಿಮಗೆ ನಾನು ಹೇಳೋದು ಬೇಡ. ಆ ಬಿಲ್ಲು ವಾಟ್ಸಾಪಿನಲ್ಲಿ ಬಂದ ಮೇಲೆ ಡೌನ್ ಪೇಮೆಂಟ್ ಕಳಿಸಿ.