ಬಡತನದ ಚಿತ್ರಕ್ಕೆ ಅಡಿಬರಹ ಯಾಕೆ ಬೇಕು

ಲೂಯಿಸ್ ಹೈನ್ ಎಂಬ ಅಮೆರಿಕದ ಛಾಯಾಗ್ರಾಹಕ ತನ್ನ ವೇಸ್ಟ್‌ಕೋಟಿನ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆ ಎಂದು ಅಳೆದು ನೆನಪಿಟ್ಟುಕೊಂಡಿದ್ದ. ಹತ್ತಿ ಗಿರಣಿಯಲ್ಲಿ ನೂಲು ನೋಡಿಕೊಳ್ಳುವ ಹುಡುಗಿಯ ಪಕ್ಕ ಹೋಗಿ ನಿಂತರೆ, ಅವಳ ತಲೆ ಯಾವ ಗುಂಡಿಯ ಮಟ್ಟಕ್ಕೆ ಬರುತ್ತದೆ ಎಂಬುದರಿಂದ ಅವಳ ಎತ್ತರ ತಿಳಿಯುತ್ತಿತ್ತು. ಎತ್ತರದಿಂದ ವಯಸ್ಸನ್ನು ಅಂದಾಜು ಮಾಡುತ್ತಿದ್ದ. ಮೇಸ್ತ್ರಿಯ ಕಣ್ಣು ತಪ್ಪಿಸಿ, ಜೇಬಿನೊಳಗೇ ಕೈಯಿಟ್ಟು, ಪುಟ್ಟ ಪುಸ್ತಕದಲ್ಲಿ ಎಲ್ಲವನ್ನೂ ಗೀಚಿಕೊಳ್ಳುತ್ತಿದ್ದ. ಹೀಗೆ ಬರೆದುಕೊಂಡ ಒಂದು ಟಿಪ್ಪಣಿಯ ಪ್ರಕಾರ, 1908ರ ನವೆಂಬರ್‌ನಲ್ಲಿ ದಕ್ಷಿಣ ಕೆರೊಲಿನಾದ ಲ್ಯಾಂಕಾಸ್ಟರ್ ಗಿರಣಿಯಲ್ಲಿದ್ದ ಸೇಡಿ ಫೈಫರ್ ಎಂಬ ಹುಡುಗಿಯ ಎತ್ತರ 48 ಇಂಚು. ಅವಳು ಕೆಲಸಕ್ಕೆ ಸೇರಿ ಅರ್ಧ ವರ್ಷವಾಗಿತ್ತು.

ಆ ಹುಡುಗಿಯ ಚಿತ್ರವನ್ನು ಜಗತ್ತು ಮತ್ತೆ ಮತ್ತೆ ಅಚ್ಚು ಹಾಕಿದೆ. ಅದರ ಕೆಳಗಿನ ಆ ಎರಡು ಸಾಲುಗಳಿಗೆ ಅಷ್ಟು ಮನ್ನಣೆ ಸಿಕ್ಕಿಲ್ಲ. ಹೈನ್‌ನ ಕೆಲಸದ ಅರ್ಧ ಬಲ ಇದ್ದದ್ದು ಮಾತ್ರ ಅಲ್ಲಿಯೇ.

1874ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ ಹುಟ್ಟಿದ ಹೈನ್, ತಂದೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಹದಿಹರೆಯದಲ್ಲೇ ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದವನು. ಆಮೇಲೆ ಓದಿ, ನ್ಯೂಯಾರ್ಕಿನ ಎಥಿಕಲ್ ಕಲ್ಚರ್ ಶಾಲೆಯಲ್ಲಿ ಮೇಷ್ಟ್ರಾದ. ಅವನ ಕೈಗೆ ಕ್ಯಾಮೆರಾ ಬಂದದ್ದು ಪಾಠದ ಸಲುವಾಗಿ. 1904ರಿಂದ ಎಲಿಸ್ ದ್ವೀಪಕ್ಕೆ ಹೋಗಿ, ಹಡಗಿನಿಂದ ಇಳಿಯುತ್ತಿದ್ದ ವಲಸಿಗರ ಚಿತ್ರ ತೆಗೆದ. 1908ರಲ್ಲಿ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿ ಅವನನ್ನು ಸಂಬಳದ ಮೇಲೆ ಇಟ್ಟುಕೊಂಡಿತು. 1900ರ ಜನಗಣತಿಯ ಪ್ರಕಾರ ಆ ದೇಶದಲ್ಲಿ 10ರಿಂದ 15 ವರ್ಷದ ಸುಮಾರು 17.5 ಲಕ್ಷ ಮಕ್ಕಳು ದುಡಿಯುತ್ತಿದ್ದರು. ಅಂಕಿ ಸರ್ಕಾರದ ದಫ್ತರದಲ್ಲಿತ್ತು, ಮುಖ ಯಾರಿಗೂ ಕಂಡಿರಲಿಲ್ಲ.

ಗಿರಣಿ ಮಾಲೀಕರು ಅವನನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಬೈಬಲ್ ಮಾರುವವನೆಂದೋ, ಪೋಸ್ಟ್‌ಕಾರ್ಡ್ ವ್ಯಾಪಾರಿಯೆಂದೋ, ಯಂತ್ರಗಳ ಚಿತ್ರ ತೆಗೆಯಲು ಬಂದವನೆಂದೋ ಹೇಳಿಕೊಂಡು ಒಳಗೆ ಹೋಗುತ್ತಿದ್ದ. ಯಂತ್ರದ ಅಳತೆ ಗೊತ್ತಾಗಬೇಕು ಎಂಬ ನೆಪ ಹೇಳಿ ಅದರ ಪಕ್ಕ ಒಂದು ಮಗುವನ್ನು ನಿಲ್ಲಿಸುತ್ತಿದ್ದ. ಆ ಕಾಲದ ಕ್ಯಾಮೆರಾ ದೊಡ್ಡ ಪೆಟ್ಟಿಗೆ. ಗಾಜಿನ ಪ್ಲೇಟು, ಬೆಳಕಿಗೆ ಭಗ್ಗೆಂದು ಉರಿಯುವ ಮೆಗ್ನೀಸಿಯಂ ಪುಡಿ. ಇಷ್ಟನ್ನೂ ಹೊತ್ತುಕೊಂಡು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳಿಗೆ ಹೋದ. ಅಲ್ಲಿ ಹುಡುಗರು ದೂಳು ತುಂಬಿದ ಕೊಠಡಿಗಳಲ್ಲಿ ಬಾಗಿ ಕೂತು ಕಲ್ಲಿದ್ದಲಿನಿಂದ ಕಲ್ಲು ಆರಿಸುತ್ತಿದ್ದರು. ಮಿಸಿಸಿಪ್ಪಿಯ ಕಡಲತೀರದಲ್ಲಿ ಬೆಳಕು ಹರಿಯುವ ಮುಂಚೆಯೇ ಸಿಗಡಿ ಸುಲಿಯಲು, ಸಿಂಪಿ ಬಿಡಿಸಲು ಕೂರುತ್ತಿದ್ದ ಮಕ್ಕಳನ್ನು ಕಂಡ. ಹೀಗೆ ಸೇರಿದ 5,000ಕ್ಕೂ ಹೆಚ್ಚು ಚಿತ್ರಗಳು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಚಿತ್ರ ಸುಳ್ಳು, ಮಗುವನ್ನು ಎಲ್ಲಿಂದಲೋ ತಂದು ನಿಲ್ಲಿಸಿದ್ದು ಎಂದು ಮಾಲೀಕರು ಹೇಳಿಬಿಡಬಹುದಿತ್ತು. ಆದರೆ ಊರು, ಗಿರಣಿ, ದಿನಾಂಕ, ಹೆಸರು, ಎತ್ತರ, ಕೆಲಸಕ್ಕೆ ಸೇರಿ ಎಷ್ಟು ಕಾಲವಾಯಿತು ಎಂಬುದೆಲ್ಲ ಜೊತೆಗಿದ್ದಾಗ ಹಾಗೆ ಹೇಳಿ ಜಾರಿಕೊಳ್ಳುವುದು ಸುಲಭವಲ್ಲ. ಅನುಮಾನ ಬಂದವರು ಹೋಗಿ ವಿಚಾರಿಸಬಹುದು. ಸಮಿತಿ ಇವನ್ನು ಭಿತ್ತಿಪತ್ರ, ಕರಪತ್ರ, ಪ್ರದರ್ಶನಗಳಲ್ಲಿ ಬಳಸಿತು. ಛಾಯಾಗ್ರಹಣ ಕಲೆಯಾಗಿದ್ದಂತೆಯೇ ದಾಖಲೆಯೂ ಆಯಿತು.

ಹಾಗೆಂದು ಚಿತ್ರ ಬಂದ ಕೂಡಲೇ ಕಾನೂನು ಬರಲಿಲ್ಲ. 1916ರಲ್ಲಿ ಕೀಟಿಂಗ್–ಓವೆನ್ ಕಾಯ್ದೆ ಬಂತು. 14 ವರ್ಷದೊಳಗಿನವರನ್ನು ದುಡಿಸಿಕೊಳ್ಳುವ ಕಾರ್ಖಾನೆಯ ಸರಕು ರಾಜ್ಯದ ಗಡಿ ದಾಟಬಾರದು ಎಂದಿತು. ಉತ್ತರ ಕೆರೊಲಿನಾದ ಗಿರಣಿಯೊಂದರಲ್ಲಿ ತನ್ನ ಇಬ್ಬರು ಮಕ್ಕಳ ಜೊತೆ ದುಡಿಯುತ್ತಿದ್ದ ತಂದೆಯೇ ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ. 1918ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ರದ್ದು ಮಾಡಿತು. ಬದಲಿಗೆ ತಂದ ತೆರಿಗೆ ಕಾಯ್ದೆಯೂ 1922ರಲ್ಲಿ ಬಿತ್ತು. 1924ರಲ್ಲಿ ಕಾಂಗ್ರೆಸ್ ಒಪ್ಪಿದ ಸಂವಿಧಾನ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಸಮ್ಮತಿ ಸಿಗಲಿಲ್ಲ. ಗಟ್ಟಿಯಾದ ಕಾನೂನು ಬಂದದ್ದು 1938ರಲ್ಲಿ. ಸೇಡಿಯ ಚಿತ್ರ ತೆಗೆದು ಆಗಲೇ 30 ವರ್ಷ. ಅಷ್ಟು ದೀರ್ಘ ಹೋರಾಟದಲ್ಲಿ ಕೈಕೊಡದೆ ಉಳಿಯುವುದು ದಾಖಲೆ. ನೋಡಿದವರ ಕಣ್ಣೀರು ಅಷ್ಟು ದಿನ ಬಾಳುವುದಿಲ್ಲ.

ಹೈನ್‌ನ ಬದುಕು ಅಷ್ಟರಲ್ಲಿ ಇಳಿಜಾರು ಹಿಡಿದಿತ್ತು. ಸಮಿತಿ ಸಂಬಳ ಕಡಿತ ಮಾಡಿದಾಗ ಕೆಲಸ ಬಿಟ್ಟು ರೆಡ್‌ಕ್ರಾಸ್ ಪರವಾಗಿ ಯುರೋಪಿಗೆ ಹೋದ. 1930–31ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡ ಏಳುವಾಗ ಉಕ್ಕಿನ ತೊಲೆಗಳ ಮೇಲೆ ಕೆಲಸಗಾರರ ಜೊತೆ ನಿಂತು ಚಿತ್ರ ತೆಗೆದ. ಆರ್ಥಿಕ ಕುಸಿತದ ದಿನಗಳಲ್ಲಿ ಗ್ರಾಮೀಣ ಬಡತನವನ್ನು ದಾಖಲಿಸಲು ಸರ್ಕಾರವೇ ಛಾಯಾಗ್ರಾಹಕರ ತಂಡ ಕಟ್ಟಿತು. ಹೈನ್ ಮತ್ತೆ ಮತ್ತೆ ಕೇಳಿಕೊಂಡರೂ ಆ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ಅವನಿಗೆ ಕೆಲಸ ಕೊಡಲಿಲ್ಲ. ಮನೆ ಸಾಲಕ್ಕೆ ಹೋಯಿತು, ಹೆಂಡತಿ ತೀರಿಕೊಂಡಳು. 1940ರ ನವೆಂಬರ್‌ನಲ್ಲಿ ಬರಿಗೈಯಲ್ಲಿ ಸತ್ತ. 1938ರ ಕಾನೂನನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಅದಾಗಿ ಮೂರು ತಿಂಗಳಿಗೆ.

ಸ್ಟ್ರೈಕರ್ ತಂಡದಲ್ಲಿದ್ದ ಡೊರೊಥಿಯಾ ಲ್ಯಾಂಗ್ 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಬಳಿ ತೆಗೆದ ‘ಮೈಗ್ರಂಟ್ ಮದರ್’ ಚಿತ್ರ ಹೈನ್‌ನ ಯಾವ ಚಿತ್ರಕ್ಕಿಂತಲೂ ಪ್ರಸಿದ್ಧ. ಅದು ಪತ್ರಿಕೆಗೆ ತಲುಪಿದ ಮೇಲೆ ಹಸಿದಿದ್ದ ಆ ಕೂಲಿಗಳ ಬಿಡಾರಕ್ಕೆ ಸರ್ಕಾರ 20,000 ಪೌಂಡ್ ಆಹಾರ ಕಳಿಸಿತು. ಅಷ್ಟರಲ್ಲಿ ಚಿತ್ರದಲ್ಲಿದ್ದ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು. ಲ್ಯಾಂಗ್ ಅವಳ ವಯಸ್ಸು ಬರೆದುಕೊಂಡಿದ್ದಳು, ಹೆಸರು ಕೇಳಿರಲಿಲ್ಲ. ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಬಿಡಿಗಾಸೂ ಸಿಗಲಿಲ್ಲ ಎಂಬ ಬೇಸರ ಅವಳಿಗಿತ್ತು. ಟೈರು ಮಾರಿ ಆಹಾರ ತಂದರೆಂದು ಲ್ಯಾಂಗ್ ಬರೆದದ್ದೂ ಸುಳ್ಳೆಂದು ಮನೆಯವರು ಹೇಳಿದರು. ಬಿಡಾರಕ್ಕೆ ಅನ್ನ ತಂದ ಚಿತ್ರವೇ ಚಿತ್ರದಲ್ಲಿದ್ದವಳ ಪಾಲಿಗೆ ಇಲ್ಲದಂತಾಯಿತು.

ಹೈನ್‌ನ ಟಿಪ್ಪಣಿಗಳೂ ತಪ್ಪಿಲ್ಲದವಲ್ಲ. 1910ರಲ್ಲಿ ವರ್ಮಾಂಟ್ ರಾಜ್ಯದ ನಾರ್ತ್ ಪೌನಲ್ ಗಿರಣಿಯಲ್ಲಿ ತೆಗೆದ ಬಾಲೆಯ ಹೆಸರು ‘ಆಡಿ ಲೇರ್ಡ್’ ಎಂದು ದಾಖಲಾಗಿತ್ತು. 1998ರಲ್ಲಿ ಅವಳು ಅಂಚೆಚೀಟಿಯ ಮೇಲೂ ಬಂದಳು. ಲೇಖಕಿ ಎಲಿಜಬೆತ್ ವಿಂತ್ರಾಪ್ ಜನಗಣತಿಯ ಹಾಳೆಗಳನ್ನು ತಿರುವಿ ಹಾಕಿದಾಗ ಅವಳು ಆಡಿ ಕಾರ್ಡ್ ಎಂದು ಗೊತ್ತಾಯಿತು. 90 ದಾಟಿ ಬದುಕಿದ್ದ ಆಕೆ ತನ್ನ ಚಿತ್ರಕ್ಕೆ ಇಷ್ಟು ಹೆಸರಿದೆ ಎಂದು ತಿಳಿಯದೆಯೇ ತೀರಿಕೊಂಡಿದ್ದಳು. ಹೆಸರು ತಪ್ಪಾಗಿದ್ದರೂ ಊರು, ಗಿರಣಿ, ವರ್ಷ ಇದ್ದುದರಿಂದಲೇ ಹುಡುಕಲು ಸಾಧ್ಯವಾಯಿತು. ಆಮೇಲೆ ಜೋ ಮ್ಯಾನಿಂಗ್ ಎಂಬ ಸಂಶೋಧಕ ಇದೇ ಜಾಡು ಹಿಡಿದು ಹೈನ್‌ನ ಚಿತ್ರಗಳಲ್ಲಿದ್ದ ನೂರಾರು ಮಕ್ಕಳ ಮುಂದಿನ ಬದುಕನ್ನು ಪತ್ತೆ ಮಾಡಿದ.

ನಮ್ಮಲ್ಲೂ ಸಂಸ್ಥೆಗಳ ಬೆಂಬಲದಿಂದ ಇಂಥ ಕೆಲಸ ನಡೆದದ್ದಿದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನೂ ಯುನಿಸೆಫ್‌ಗಾಗಿ ಮಕ್ಕಳ ಬದುಕನ್ನೂ ಸೆರೆಹಿಡಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಇಂದಿನ ರೂಢಿ ಬೇರೆ. ಇಟ್ಟಿಗೆ ಗೂಡಿನಲ್ಲಿ ಹುಡುಗ, ಮ್ಯಾನ್‌ಹೋಲ್‌ನಿಂದ ಮೇಲೆ ಬರುತ್ತಿರುವ ಕಾರ್ಮಿಕ, ಬಿರುಕು ಬಿಟ್ಟ ಹೊಲದಲ್ಲಿ ತಲೆಯ ಮೇಲೆ ಕೈಹೊತ್ತ ರೈತ: ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂಬ ಎರಡೇ ಪದ. ಅದೇ ರೈತ ಪ್ರತಿ ಬರಗಾಲಕ್ಕೂ ಹಾಜರಾಗುತ್ತಾನೆ. ಯಾವ ತಾಲ್ಲೂಕು, ಯಾವ ವರ್ಷ, ಯಾವ ಬೆಳೆ ಎಂಬುದಿಲ್ಲ. ಅವನನ್ನು ನೋಡಿ ಓದುಗ ಮರುಗಬಹುದು, ಆದರೆ ಯಾವ ತಹಶೀಲ್ದಾರರೂ ಉತ್ತರ ಕೊಡಬೇಕಾಗಿಲ್ಲ.

ಇಲ್ಲೊಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ; ಕಾನೂನು ಮೀರಿ ದುಡಿಸಿಕೊಳ್ಳಲಾಗುತ್ತಿರುವ ಮಗುವೂ ಆ ಸಾಲಿನಲ್ಲಿ ಬರುತ್ತದೆ. ಹೈನ್ ಇಂದು ಇಲ್ಲಿ ಹಾಗೆಯೇ ಪ್ರಕಟಿಸಿದ್ದರೆ ಅವನ ಮೇಲೇ ಕೇಸು ಬೀಳುತ್ತಿತ್ತು. ಮಗುವಿನ ಗುರುತನ್ನು ಕಾಯುವುದು ಸರಿಯೇ. ಆದರೆ ಗುರುತು ಮರೆಸುವುದಕ್ಕೂ ವಿವರವನ್ನೇ ಕೈಬಿಡುವುದಕ್ಕೂ ತುಂಬ ವ್ಯತ್ಯಾಸವಿದೆ. ಮುಖ ಕಾಣದ ಚಿತ್ರಕ್ಕೂ ದಿನಾಂಕ, ಜಿಲ್ಲೆ, ಕೆಲಸದ ಬಗೆ, ಕೂಲಿ, ದುಡಿಮೆಯ ಗಂಟೆ ಕೊಡಬಹುದು. ಹೆಸರು ಅಚ್ಚಾಗದಿದ್ದರೂ ಛಾಯಾಗ್ರಾಹಕರ ಪುಸ್ತಕದಲ್ಲಿರಬಹುದು, ಕಾರ್ಮಿಕ ಇಲಾಖೆಗೋ ಮಕ್ಕಳ ಕಲ್ಯಾಣ ಸಮಿತಿಗೋ ತಲುಪಬಹುದು.

2011ರ ಜನಗಣತಿ ದೇಶದಲ್ಲಿ 5ರಿಂದ 14 ವರ್ಷದ ಒಂದು ಕೋಟಿಗೂ ಹೆಚ್ಚು ದುಡಿಯುವ ಮಕ್ಕಳನ್ನು ಎಣಿಸಿತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ನಂತರ, ಶಾಲೆಯ ಸಮಯ ಮುಗಿದ ಮೇಲೆ ಅಪಾಯಕಾರಿಯಲ್ಲದ ಮನೆಯ ಉದ್ಯಮದಲ್ಲಿ ನೆರವಾಗುವ ಮಗುವಿಗೆ ಆ ಕಾಯ್ದೆಯ ನಿಷೇಧ ಅನ್ವಯಿಸುವುದಿಲ್ಲ. ಹಾಗಾಗಿ ಮನೆಯಲ್ಲಿ ದುಡಿಯುವ ಮಗುವಿನ ಚಿತ್ರವೊಂದೇ ಏನನ್ನೂ ಸಾಬೀತು ಮಾಡಲಾರದು. ಅದು ಯಾರ ಮನೆ, ಎಷ್ಟು ಗಂಟೆ, ಶಾಲೆಗೆ ಹೋಗುತ್ತದೆಯೇ, ಕೂಲಿ ಯಾರ ಕೈಗೆ ಎಂದು ಬರೆದುಕೊಳ್ಳುವವರು ಬೇಕು. ಈ ಕೆಲಸಕ್ಕೆ ದಿನಗಳು ಹಿಡಿಯುತ್ತವೆ, ಚಿತ್ರಕ್ಕೆ ಇಷ್ಟು ಎಂದು ಹಣ ಪಡೆಯುವ ಹವ್ಯಾಸಿ ಛಾಯಾಗ್ರಾಹಕರಿಂದ ಅದನ್ನು ನಿರೀಕ್ಷಿಸಲಾಗದು. ಹೈನ್‌ನ ತಿರುಗಾಟದ ಹಿಂದೆ ಸುಮಾರು ಹತ್ತು ವರ್ಷ ಒಂದು ಸಮಿತಿಯ ಸಂಬಳವಿತ್ತು. ಕನ್ನಡದ ಪತ್ರಿಕೆಗಳು, ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು, ಅಕಾಡೆಮಿಗಳು ಪ್ರಶಸ್ತಿಗೆ ಮೀಸಲಿಡುವ ಹಣದಲ್ಲಿ ಒಂದಷ್ಟನ್ನು ಇಂಥ ಜಿಲ್ಲಾವಾರು ದಾಖಲಾತಿಯ ವೇತನಕ್ಕೆ ತಿರುಗಿಸಬೇಕು. ಜೊತೆಗೆ, ಚಿತ್ರ ಕೊಟ್ಟವರಿಂದ ಅದರ ಟಿಪ್ಪಣಿಯನ್ನೂ ಕೇಳಿ ಪಡೆದು ಕಾದಿಡಬೇಕು.