ಹಳೆ ಫ್ರೀಜರಿಗೆ ಹೊಸ ಗ್ಯಾಸು

ಬೇಸಿಗೆ ಬಂತೆಂದರೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಫ್ರಿಜ್ ಮೆಕ್ಯಾನಿಕ್‌ಗಳಿಗೆ ಕೈತುಂಬ ಕೆಲಸ. ಬೇಕರಿಯವರು, ಕೋಳಿ ಅಂಗಡಿಯವರು, ಸ್ಕಂದಗಿರಿ ಹತ್ತಿಳಿದು ಬರುವವರಿಗೆ ತಂಪು ಪಾನೀಯ ಮಾರುವವರು, ಎಲ್ಲರದೂ ಒಂದೇ ದೂರು: 'ಫ್ರೀಜರ್ ಓಡುತ್ತೆ, ಐಸ್ ಕಟ್ಟಲ್ಲ.' ಗ್ಯಾಸ್ ಹೋಗಿದೆ ಎನ್ನುವ ಉತ್ತರವೂ ಒಂದೇ. ಅದರ ಬೆನ್ನಿಗೇ ಇನ್ನೊಂದು ಸಲಹೆ ಬರುತ್ತದೆ: 'ಬೇರೆ ಗ್ಯಾಸ್‌ಗೆ ಮಾಡಿಬಿಡೋಣ ಅಣ್ಣ, ಕರೆಂಟೂ ಉಳಿಯುತ್ತೆ.'

ಹೂಂ ಅನ್ನುವ ಮೊದಲು ಒಂದು ವಿಷಯ ತಿಳಿದಿರಲಿ. ಫ್ರೀಜರಿನ ಗ್ಯಾಸು ಬೈಕಿನ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಅದೇ ಗ್ಯಾಸು ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ಯಾವ ಗ್ಯಾಸು ತುಂಬಿದರೂ ಮುಂದಿನ ಬೇಸಿಗೆಗೆ ಅದೇ ಕಥೆ.

ಗ್ಯಾಸು ಬದಲಾಗಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಒಂದು ಕಾಲಕ್ಕೆ ಬಹುತೇಕ ಎಲ್ಲ ಫ್ರಿಜ್‌ಗಳಲ್ಲೂ ಇದ್ದ ಆರ್-12 ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಭಾರತ 1992ರಲ್ಲಿ ಒಪ್ಪಂದ ಸೇರಿ, 2008ರಲ್ಲಿ, ಗಡುವಿಗೂ ಮೊದಲೇ, ಅದರ ತಯಾರಿಕೆ ನಿಲ್ಲಿಸಿತು. ಆ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ತೊಂದರೆ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು ಜೋರು. ಅದನ್ನೂ ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. 2021ರಲ್ಲಿ ಭಾರತ ಅದನ್ನು ಅನುಮೋದಿಸಿತು. ಹೊಸ ಫ್ರಿಜ್‌ಗಳಲ್ಲಿ ಈಗ ಇರುವುದು ಹೆಚ್ಚಾಗಿ ಆರ್-600ಎ, ಅಂದರೆ ಐಸೊಬ್ಯುಟೇನ್. ಹೊಸ ಡೀಪ್ ಫ್ರೀಜರ್‌ಗಳಲ್ಲಿ ಆರ್-290, ಅಂದರೆ ಪ್ರೋಪೇನ್ ಕೂಡ ಉಂಟು. ಇವೆರಡೂ ಭೂಮಿಯನ್ನು ಬಿಸಿ ಮಾಡುವುದು ತೀರಾ ಕಡಿಮೆ, ಕರೆಂಟೂ ಕಡಿಮೆ ಎಳೆಯುತ್ತವೆ. ಆದರೆ ಇವು ನಮ್ಮ ಅಡುಗೆ ಸಿಲಿಂಡರಿನ ಗ್ಯಾಸಿನ ಒಡಹುಟ್ಟಿದವು. ಹೊತ್ತಿಕೊಳ್ಳುತ್ತವೆ.

ಹೊಸ ಫ್ರೀಜರನ್ನು ಈ ಅಪಾಯ ಗೊತ್ತಿದ್ದೇ ಕಟ್ಟಿರುತ್ತಾರೆ. ಹಳೆಯದನ್ನು ಹಾಗೆ ಕಟ್ಟಿಲ್ಲ. ಥರ್ಮೋಸ್ಟಾಟ್, ಕಂಪ್ರೆಸರ್ ಪಕ್ಕದ ರಿಲೇ, ಬಾಗಿಲಿನ ಲೈಟ್ ಸ್ವಿಚ್, ಇವೆಲ್ಲ ಆನ್ ಆಫ್ ಆಗುವಾಗ ಸಣ್ಣ ಕಿಡಿ ಹಾರಿಸುತ್ತವೆ. ಈ ಗ್ಯಾಸು ಗಾಳಿಗಿಂತ ಭಾರ. ಮೇಲಕ್ಕೆ ಬಾಗಿಲು ತೆರೆಯುವ ಪೆಟ್ಟಿಗೆ ಫ್ರೀಜರಿನ ಒಳಗೆ ಸೋರಿದರೆ ತಳದಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಬೆರೆತರೂ ಸಾಕು, ಒಂದು ಕಿಡಿಗೆ ಹತ್ತುತ್ತದೆ. ಕಿಟಕಿಯಿಲ್ಲದ ಸಣ್ಣ ಅಂಗಡಿಯಲ್ಲಿ, ಪಕ್ಕದಲ್ಲೇ ಬೋಂಡಾ ಒಲೆ ಉರಿಯುತ್ತಿರುವಾಗ ಇದು ಸಣ್ಣ ಮಾತಲ್ಲ.

ಇನ್ನು ತುಂಬುವ ಲೆಕ್ಕ. 300 ಗ್ರಾಂ ಆರ್-12 ಹಿಡಿಯುತ್ತಿದ್ದ ಪೆಟ್ಟಿಗೆಗೆ ಪ್ರೋಪೇನ್-ಐಸೊಬ್ಯುಟೇನ್ ಮಿಶ್ರಣ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಇಷ್ಟು ಸಣ್ಣ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಗೇಜ್ ನೋಡಿ, ಪೈಪ್ ಮುಟ್ಟಿ ಅಂದಾಜಿನಲ್ಲಿ ಹಾಕಿದರೆ ತಪ್ಪುತ್ತದೆ. ಆರ್-12 ಇದ್ದ ಕಂಪ್ರೆಸರಿಗೆ ಆರ್-134ಎ ಹಾಕುವುದಾದರೆ ಹಳೆ ಮಿನರಲ್ ಆಯಿಲ್ ಪೂರ್ತಿ ತೆಗೆದು ಬೇರೆ ಆಯಿಲ್ ಹಾಕಬೇಕು, ಡ್ರೈಯರ್ ಬದಲಿಸಬೇಕು. ಬರೀ ಆರ್-600ಎಗೆ ಅದಕ್ಕೆಂದೇ ಮಾಡಿದ ಕಂಪ್ರೆಸರೇ ಬೇಕು. ಯಾವುದೇ ಗ್ಯಾಸಾದರೂ ಮೊದಲು ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆಯಬೇಕು. ಅಡುಗೆ ಸಿಲಿಂಡರಿನಿಂದಲೇ ತುಂಬುವುದು ಶುದ್ಧ ಅಪರಾಧ. ಅದರಲ್ಲಿ ವಾಸನೆಗೆಂದು ಬೆರೆಸಿದ ಗಂಧಕದ ವಸ್ತುವಿದೆ, ತೇವವಿದೆ, ಮಿಶ್ರಣದ ಅಳತೆಗೆ ಖಾತರಿಯಿಲ್ಲ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆರ್-134ಎ ಇರುವ ಫ್ರೀಜರ್ ಗಟ್ಟಿಯಾಗಿದ್ದರೆ ಸೋರಿಕೆ ಮುಚ್ಚಿಸಿ ಅದೇ ಗ್ಯಾಸು ತುಂಬಿಸಿ. ಕಂಪ್ರೆಸರೇ ಹೋದರೆ ಪೆಟ್ಟಿಗೆಯನ್ನು ಬಿಟ್ಟು ಹೊಸದು ಕೊಳ್ಳುವುದು ಲೇಸು. ಬದಲಾವಣೆಯೇ ಬೇಕೆಂದರೆ ತರಬೇತಿ ಪಡೆದ ಕೈಯಿಂದ ಮಾಡಿಸಿ, ಯಾವ ಗ್ಯಾಸು, ಎಷ್ಟು ಗ್ರಾಂ ಎಂದು ಹಿಂಬದಿಗೆ ದೊಡ್ಡದಾಗಿ ಬರೆದು ಅಂಟಿಸಿ. ಮುಂದೆ ಬರುವ ಮೆಕ್ಯಾನಿಕ್ ಗೊತ್ತಿಲ್ಲದೆ ಬೆಸುಗೆಯ ಟಾರ್ಚ್ ಹಚ್ಚಿದರೆ ಮೊದಲು ಸುಡುವುದು ಅವನ ಮುಖ.

ನನಗೆ ಹೆಚ್ಚು ಸಂಕಟವಾಗುವುದು ಹೊರಗೆ ಹೋಗುವ ಗ್ಯಾಸಿನ ಬಗ್ಗೆ. ಹಳೆ ಪೈಪು ಕತ್ತರಿಸಿದಾಗ ಬುಸ್ಸೆಂದು ಸದ್ದಾಗುತ್ತದಲ್ಲ, ಆರ್-12 ಆದರೆ ಆ 300 ಗ್ರಾಂ ಮೂರು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ಆರ್-134ಎ ಆದರೆ ನಾಲ್ಕು ಕ್ವಿಂಟಲ್ ಮೇಲೆ. ಹೊಸ ಗ್ಯಾಸು ಪರಿಸರಕ್ಕೆ ಒಳ್ಳೆಯದೆಂದು ಹೇಳುತ್ತಲೇ ಹಳೆಯದನ್ನು ಗಾಳಿಗೆ ಬಿಟ್ಟರೆ ಗಳಿಸಿದ್ದೇನು? ಅದನ್ನು ಹೀರಿ ಸಿಲಿಂಡರಿಗೆ ತುಂಬುವ ರಿಕವರಿ ಯಂತ್ರಗಳಿವೆ. ದಿನಗೂಲಿಯಂತೆ ದುಡಿಯುವ ಸಣ್ಣ ಮೆಕ್ಯಾನಿಕ್ ಅದನ್ನು ಸ್ವಂತಕ್ಕೆ ಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಹಳ್ಳಿ ಹಳ್ಳಿಯ ಹಾಲು ಸೊಸೈಟಿಗಳು ಕೂಲರ್‌ಗಳನ್ನು ನಂಬಿರುವ ಜಿಲ್ಲೆ ನಮ್ಮದು. ಸರ್ಕಾರ ಪ್ರತಿ ತಾಲ್ಲೂಕಿನ ಐಟಿಐನಲ್ಲಿ ಒಂದು ರಿಕವರಿ ಯಂತ್ರ, ಒಂದು ಒಳ್ಳೆಯ ತಕ್ಕಡಿ ಇಟ್ಟು, ಬಾಡಿಗೆಗೆ ಕೊಟ್ಟು, ವರ್ಷಕ್ಕೊಮ್ಮೆ ಎರಡು ದಿನ ಬಿಟ್ಟಿ ತರಬೇತಿ ನಡೆಸಲಿ. ಆ ಎರಡು ದಿನದ ಕೂಲಿಯನ್ನೂ ಕೊಡಲಿ, ಇಲ್ಲದಿದ್ದರೆ ಅಂಗಡಿ ಮುಚ್ಚಿ ಬರುವವರು ಯಾರು?